ಮನೆಯ ಪರದೆ, ಪರರ ಅಪ್ಪಣೆ

ನಮ್ಮ ತಂದೆಯವರು ಗಮಕ ಬಲ್ಲವರು. 1983ರಲ್ಲಿ, ಅವರು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮೊದಲು, ನೆಂಟರೊಬ್ಬರು ತಂದಿದ್ದ ಟೇಪ್ ರೆಕಾರ್ಡರಿನಲ್ಲಿ ಅವರ ಕುಮಾರವ್ಯಾಸಭಾರತದ ವಾಚನವನ್ನು ಮುಕ್ಕಾಲು ಗಂಟೆಯಷ್ಟು ಮುದ್ರಿಸಿಕೊಂಡಿದ್ದೆವು. ಆ ಕ್ಯಾಸೆಟ್ಟಿನ ಧ್ವನಿ ಕಾಲಕ್ರಮದಲ್ಲಿ ನನ್ನ ಫೋನನ್ನು ಬಂದು ಸೇರಿತು. ಹೇಗೆಂಬುದನ್ನು ಮೊಮ್ಮಗಳು ಬಲ್ಲಳು, ನಾನರಿಯೆ. ಕಳೆದ ಮಳೆಗಾಲದಲ್ಲಿ ನಮ್ಮ ಅಕ್ಕ ಹಾಸನದಿಂದ ಮೈಸೂರಿಗೆ ಬಂದಿದ್ದಳು. ಅವಳಿಗೀಗ ಕಿವಿ ಮಂದ. ಫೋನಿನ ಕೀರಲು ಸ್ವರ ಸಾಲದು. ಟೀವಿಯ ಮೂಲಕ ಕೇಳಿಸೋಣವೆಂದು ಎಲ್ಲರೂ ನಡುಮನೆಯಲ್ಲಿ ಕುಳಿತೆವು.

ಅಂದು ಮಧ್ಯಾಹ್ನದ ಗಾಳಿಮಳೆಗೆ ಬೀದಿಯ ಹೊಂಗೆಮರದ ಕೊಂಬೆ ಮುರಿದು ಇಂಟರ್‌ನೆಟ್ಟಿನ ತಂತಿಯ ಮೇಲೆ ಬಿದ್ದಿತ್ತು. ವಿದ್ಯುತ್ತೇನೋ ಇತ್ತು. ಟೀವಿ ಬೆಳಗಿತು, ಫೋನೂ ಬೆಳಗಿತು, ಅವೆರಡರ ನಡುವಣ ದೂರ ಆರಡಿ. ಮೊಮ್ಮಗಳು ಗುಂಡಿಯೊತ್ತಿದಳು. ಸಂಪರ್ಕವಿಲ್ಲವೆಂದು ಪರದೆ ಹೇಳಿತು. ಮತ್ತೆ ಒತ್ತಿದಳು, ಮತ್ತೆ ಅದೇ ಉತ್ತರ. ಅಕ್ಕ ಸ್ವಲ್ಪ ಹೊತ್ತು ನೋಡಿ ಕೇಳಿದಳು: “ಅಲ್ಲ ಕಣೋ, ಇಲ್ಲಿರೋ ಫೋನಿಂದ ಇಲ್ಲಿರೋ ಟೀವಿಗೆ ಹೋಗೋದಕ್ಕೆ ಬೀದಿ ತಂತಿ ಯಾಕೆ ಬೇಕು?”

ಪ್ರಶ್ನೆ ಸಾಮಾನ್ಯವಾದುದಲ್ಲ. ನಾನು ಆಗ ಉತ್ತರ ಕೊಡಲಾರದೆ ಹೋದೆ. ಅನಂತರ ಕೇಳಿ, ಓದಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಈ ಕಾರ್ಯಕ್ಕೆ ‘ಕ್ಯಾಸ್ಟಿಂಗ್’ ಎಂದು ಹೆಸರು. ಎಸೆಯುವುದು ಎಂದರ್ಥ. ಹೆಸರು ಅಷ್ಟು ಯಥಾರ್ಥವಲ್ಲ. ಯೂಟ್ಯೂಬಿನ ಸಂಗೀತ ಕಚೇರಿಯೊಂದನ್ನು ನಾವು ಟೀವಿಗೆ ಕಳುಹಿಸಿದೆವೆನ್ನುವಾಗ, ಫೋನು ನಿಜವಾಗಿ ಎಸೆಯುವುದು ಏನನ್ನೂ ಅಲ್ಲ. ಕಚೇರಿಯ ವಿಳಾಸವನ್ನಷ್ಟೆ ಟೀವಿಯ ಕಿವಿಯಲ್ಲಿ ಉಸುರುತ್ತದೆ. ಟೀವಿ, ಇಲ್ಲವೆ ಅದರ ಬೆನ್ನಿಗೆ ಸಿಕ್ಕಿಸಿದ ಸಾಧನ, ತಾನೇ ಇಂಟರ್‌ನೆಟ್ಟಿಗೆ ಹೋಗಿ ಅದನ್ನು ತಂದುಕೊಳ್ಳುತ್ತದೆ. ಅಂದಿನಿಂದ ಫೋನು ಬರಿಯ ರಿಮೋಟು. ಅದರಿಂದಲೇ, ಕಚೇರಿ ನಡೆಯುತ್ತಿರುವಾಗ ಅದೇ ಫೋನಿನಲ್ಲಿ ಯಾರೊಡನೆಯಾದರೂ ಮಾತನಾಡಿದರೂ ಹಾಡು ನಿಲ್ಲುವುದಿಲ್ಲ. ನಮ್ಮ ಫೋನಿನೊಳಗೇ ಇರುವ ಫೋಟೋ, ಹಾಡುಗಳ ಮಾತು ಬೇರೆ. ಅವು ಮನೆಯ ವೈಫೈನಲ್ಲಿಯೇ ಸಾಗುತ್ತವೆ. ಆದರೆ ಅವನ್ನು ತೋರಿಸಬೇಕಾದ ಕಾರ್ಯಕ್ರಮವನ್ನು ಅನೇಕ ಸಾಧನಗಳು ಪ್ರತಿಸಲವೂ ಕಂಪನಿಯ ಕಣಜದಿಂದಲೇ ತರಬೇಕು. ಅಕ್ಕನ ಪ್ರಶ್ನೆಗೆ ಉತ್ತರ ಇದು: ಸರಕು ನಮ್ಮದು, ಪರದೆ ನಮ್ಮದು; ತಂದು ಬಡಿಸುವ ಸೌಟು ಮಾತ್ರ ಕಡಲಾಚೆಯದು.

ಸೌಟು ಕೊಟ್ಟವರ ಉಪಕಾರವನ್ನು ಅಲ್ಲಗಳೆಯುವವನು ನಾನಲ್ಲ. 1987ರಲ್ಲಿ ಟೀವಿಯಲ್ಲಿ ರಾಮಾಯಣ ಬರತೊಡಗಿದಾಗ ಭಾನುವಾರದ ಬೆಳಗ್ಗೆ ನಮ್ಮ ಕೇರಿಯ ಅರ್ಧ ಜನ ಒಂದೇ ಮನೆಯ ಜಮಖಾನದ ಮೇಲೆ ಕೂರುತ್ತಿದ್ದರು. ಬಳಿಕ ಮನೆಗೊಂದು ಟೀವಿಯಾಯಿತು. ಆಮೇಲೆ ತಲೆಗೊಂದು ಫೋನಾಯಿತು. ಒಂದೇ ಸೂರಿನಡಿ ನಾಲ್ವರು ನಾಲ್ಕು ಮೂಲೆಗಳಲ್ಲಿ ತಲೆಬಾಗಿಸಿ ಕುಳಿತಿರುವ ದೃಶ್ಯ ಓದುಗರಿಗೆ ಹೊಸದಲ್ಲ. 2013ರ ಜುಲೈನಲ್ಲಿ ಗೂಗಲ್ ಸಂಸ್ಥೆ ಕ್ರೋಮ್‌ಕಾಸ್ಟ್ ಎಂಬ ಹೆಬ್ಬೆರಳಿನಷ್ಟು ಸಾಧನವನ್ನು 35 ಡಾಲರಿಗೆ ಮಾರತೊಡಗಿದಾಗ, ಈ ಏಕಾಂತವಾಸಕ್ಕೆ ಒಂದು ಪ್ರತೀಕಾರ ದೊರೆತಂತಾಯಿತು. ಅಂಗೈಯಲ್ಲಿ ಅಡಗಿದ್ದುದು ಗೋಡೆಯ ಮೇಲೆ ಬಂತು. ಅಮೆರಿಕದಲ್ಲಿರುವ ಮಗನ ಮನೆಯ ನಾಮಕರಣದ ಫೋಟೋಗಳನ್ನು ಇಲ್ಲಿಯ ಅಜ್ಜಿ ಕನ್ನಡಕವಿಲ್ಲದೆ ನೋಡುವಂತಾಯಿತು. ಹತ್ತು ಕೋಟಿಗೂ ಹೆಚ್ಚು ಸಾಧನಗಳನ್ನು ಮಾರಿದುದಾಗಿ ಗೂಗಲ್ ಹೇಳಿಕೊಂಡಿದೆ. ಹೇಳಿಕೊಂಡದ್ದು 2024ರ ಆಗಸ್ಟಿನಲ್ಲಿ, ಅದರ ತಯಾರಿಕೆಯನ್ನು ನಿಲ್ಲಿಸುತ್ತಿರುವುದಾಗಿ ಪ್ರಕಟಿಸಿದಾಗ.

ನಿಲ್ಲಿಸಿದ್ದರಲ್ಲಿ ತಪ್ಪೇನಿಲ್ಲ. ಯಾವ ವಸ್ತುವೂ ಚಿರಂತನವಲ್ಲ. ನನ್ನನ್ನು ಯೋಚನೆಗೆ ಹಚ್ಚಿದುದು 2025ರ ಮಾರ್ಚ್ 9ರ ಘಟನೆ. ಅಂದು ಲೋಕದಾದ್ಯಂತ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟುಗಳೂ, ಹಾಡಿಗೆಂದೇ ಮಾಡಿದ್ದ ಕ್ರೋಮ್‌ಕಾಸ್ಟ್ ಆಡಿಯೋಗಳೂ ಒಮ್ಮೆಗೇ ಕೈಕೊಟ್ಟವು. ಸಾಧನಗಳು ಕೆಟ್ಟಿರಲಿಲ್ಲ. ಫೋನು ಅವುಗಳನ್ನು ‘ನಂಬಲರ್ಹವಲ್ಲ’ವೆಂದು ತಿರಸ್ಕರಿಸಿತ್ತು. ಕಾರಣ ವಿಚಿತ್ರವಾಗಿದೆ. ಸಾಧನ ಅಸಲಿಯೆಂಬುದಕ್ಕೆ ಅದರೊಳಗೆ ಒಂದು ಪ್ರಮಾಣಪತ್ರ. ಆ ಪತ್ರಕ್ಕೆ ರುಜು ಹಾಕಿದುದು ಇನ್ನೊಂದು ಪ್ರಮಾಣಪತ್ರ. ಈ ಎರಡನೆಯದಕ್ಕೆ 2015ರಲ್ಲಿ ಹತ್ತು ವರ್ಷಗಳ ಆಯುಸ್ಸನ್ನು ಬರೆದಿದ್ದರು. ಹತ್ತು ವರ್ಷ ತುಂಬಿತು. ಯಾರೂ ನೆನಪಿಟ್ಟುಕೊಂಡು ಹೊಸದು ಮಾಡಿರಲಿಲ್ಲ.

ನಾನು ಸರ್ಕಾರಿ ಕಾಲೇಜಿನ ಅಧ್ಯಾಪಕನಾಗಿದ್ದಾಗ ವಿದ್ಯಾರ್ಥಿಗಳ ಅಂಕಪಟ್ಟಿಯ ನಕಲುಗಳಿಗೆ ರುಜು ಹಾಕಿ ಮೊಹರೊತ್ತಿದ್ದು ಸಾವಿರಾರು. ನಾನು ನಿವೃತ್ತನಾದ ದಿನವೇ ಆ ನಕಲುಗಳೆಲ್ಲ ಸುಳ್ಳಾಗಿ, ಅವನ್ನು ತೋರಿಸಿ ಕೆಲಸ ಹಿಡಿದವರೆಲ್ಲ ಬೀದಿಗೆ ಬಿದ್ದರೆಂದು ಭಾವಿಸಿಕೊಳ್ಳಿ. ನಡೆದದ್ದು ಹೆಚ್ಚುಕಡಮೆ ಅದೇ. ಕೆಲವು ದಿನಗಳಲ್ಲಿ ಗೂಗಲ್ ದೋಷವನ್ನು ಸರಿಪಡಿಸಿತೆಂಬುದನ್ನೂ ಹೇಳಬೇಕು. ಆದರೆ ಯಂತ್ರ ಕೆಟ್ಟಿತೆಂದು ಭ್ರಮಿಸಿ ಅದರ ನೆನಪನ್ನೆಲ್ಲ ಅಳಿಸಿ ಹೊಸದಾಗಿ ಹೂಡಹೊರಟ ಪಾಪದವರಿಗೆ ಮತ್ತೂ ಕಷ್ಟವಾಯಿತು.

ಅದು ಮರೆವಿನ ಫಲ. 2025ರ ಕೊನೆಯಲ್ಲಿ ನಡೆದುದು ಮರೆವಲ್ಲ, ನಿರ್ಧಾರ. ಫೋನಿನಿಂದ ಬಹುಪಾಲು ಟೀವಿಗಳಿಗೆ ಕಳುಹಿಸುವ ಸೌಲಭ್ಯವನ್ನು ನೆಟ್‌ಫ್ಲಿಕ್ಸ್ ಹಿಂತೆಗೆದುಕೊಂಡಿತು. ರಿಮೋಟಿಲ್ಲದ ಹಳೆಯ ಸಾಧನಗಳಿಗೆ ಮಾತ್ರ ವಿನಾಯಿತಿ, ಅದೂ ಜಾಹೀರಾತಿಲ್ಲದ ಚಂದಾ ಕಟ್ಟಿದವರಿಗೆ. ಫೋನು ಟೀವಿಯನ್ನು ಹುಡುಕಿ ಮಾತನಾಡಿಸುವ ಒಂದು ಮೂಲಪದ್ಧತಿಯನ್ನು ಯೂಟ್ಯೂಬಿನೊಡನೆ ಸೇರಿ ರೂಪಿಸಿದ್ದುದು ಇದೇ ನೆಟ್‌ಫ್ಲಿಕ್ಸ್. ದಾರಿ ಕಡಿದವರೇ ಬೇಲಿ ಹಾಕಿದರು. ಈಗಿನ ಟೀವಿಗಳಲ್ಲಿ ನಮ್ಮ ಆ್ಯಪ್ ನೇರವಾಗಿಯೇ ಇದೆಯಲ್ಲ, ಇನ್ನು ಫೋನಿನ ಗೊಡವೆಯೇಕೆ ಎಂದು ಅವರು ವಾದಿಸಬಹುದು. ವಾದದಲ್ಲಿ ಹುರುಳಿಲ್ಲದೆ ಇಲ್ಲ. ನೆಂಟರ ಮನೆಗೋ ಹೋಟೆಲಿಗೋ ಹೋದವನು ಅಪರಿಚಿತ ಟೀವಿಯೊಳಗೆ ತನ್ನ ಗುಪ್ತಪದವನ್ನು ಬರೆದು ಬರಬೇಕಾಗುತ್ತದೆಂಬುದು ಅವರಿಗೆ ಹೊಳೆಯದೆ ಇದ್ದೀತೆ?

ಬೇರೆ ದಾರಿಗಳಿಲ್ಲವೆಂದಲ್ಲ. 2012ರಲ್ಲಿ ಬಂದ ಮಿರಾಕಾಸ್ಟ್ ಎಂಬ ಪದ್ಧತಿಯಲ್ಲಿ ಫೋನು, ಟೀವಿಗಳು ಹೊರಗಿನವರ ಹಂಗಿಲ್ಲದೆ ನೇರವಾಗಿ ಕೈಜೋಡಿಸುತ್ತವೆ. ಗೂಗಲ್ ಅದನ್ನು 2015ರ ಸುಮಾರಿನಲ್ಲಿ ತನ್ನ ಫೋನುಗಳಿಂದ ತೆಗೆದುಹಾಕಿತು. ಆ್ಯಪಲ್‌ನ ಏರ್‌ಪ್ಲೇ ಅವರದೇ ತೋಟದ ಹೂವು.

ರಾಜಾಶ್ರಯದಿಂದ ಏನಾದರೂ ಆದೀತೆ? 2025ರ ಏಪ್ರಿಲಿನಲ್ಲಿ ಭಾರತದ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ಟೀವಿಯ ಪ್ರಕರಣವನ್ನು ಗೂಗಲಿನೊಡನೆ ರಾಜಿಯಲ್ಲಿ ಮುಗಿಸಿತು. ಗೂಗಲ್ 20.24 ಕೋಟಿ ರೂಪಾಯಿ ತೆರಲು ಒಪ್ಪಿತು; ತನ್ನ ಪ್ಲೇ ಸ್ಟೋರನ್ನು ಬೇರೆ ಸಾಮಗ್ರಿಗಳೊಡನೆ ಗಂಟುಹಾಕದೆ ಟೀವಿ ತಯಾರಕರಿಗೆ ಬಿಡಿಯಾಗಿ ಕೊಡಲೂ ಒಪ್ಪಿತು. ತಯಾರಕನಿಗೆ ಇದರಿಂದ ಅನುಕೂಲ. ಕೊಂಡವನ ಅಳಲು ಅಲ್ಲಿ ವಿಚಾರಣೆಗೆ ಬಂದ ವಿಷಯವೇ ಅಲ್ಲ. ನನಗೆ ಹೆಚ್ಚು ಹಿಡಿಸಿದುದು ಬ್ರಿಟನ್ನಿನ ಒಂದು ಕಾಯಿದೆ: 2024ರ ಏಪ್ರಿಲ್ 29ರಿಂದ ಅಲ್ಲಿ ಇಂಟರ್‌ನೆಟ್ಟಿಗೆ ಹೊಂದುವ ಗೃಹೋಪಯೋಗಿ ವಸ್ತುವನ್ನು ಮಾರುವವರು, ಅದಕ್ಕೆ ಕನಿಷ್ಠ ಎಷ್ಟು ಕಾಲ ರಕ್ಷಣೆಯ ಪರಿಷ್ಕರಣೆಗಳನ್ನು ಒದಗಿಸುವರೆಂಬುದನ್ನು ತಿಳಿಸಲೇಬೇಕು. ನಮ್ಮಲ್ಲಿ ಔಷಧದ ಸೀಸೆಯ ಮೇಲೆ ಅವಧಿ ಮುಗಿಯುವ ತಿಂಗಳನ್ನು ಅಚ್ಚುಹಾಕುತ್ತಾರೆ. ಟೀವಿಯ ಪೆಟ್ಟಿಗೆಯ ಮೇಲೇಕೆ ಹಾಕಬಾರದು? ಇದರ ಜೊತೆಗೆ ಇನ್ನೊಂದನ್ನೂ ಕೇಳುವ ಹಕ್ಕು ನಮಗುಂಟೆಂದು ನನ್ನ ಎಣಿಕೆ: ಬೀದಿಯ ತಂತಿ ಕಡಿದರೂ, ಕಂಪನಿ ಬಾಗಿಲು ಮುಚ್ಚಿದರೂ, ನನ್ನ ಫೋನಿನಲ್ಲಿರುವ ನನ್ನ ವಸ್ತು ನನ್ನ ಟೀವಿಯಲ್ಲಿ ಕಾಣುವಂತಿರಬೇಕು.

ಆ ಸಂಜೆಯ ಕಥೆ ಉಳಿಯಿತು. ಮೊಮ್ಮಗಳು ತನ್ನ ಕಂಪ್ಯೂಟರಿನ ಮೂಲಕ ತಾತನ ತಂದೆಯ ಧ್ವನಿಯನ್ನು ಒಂದು ಪೆನ್‌ಡ್ರೈವಿಗೆ ಇಳಿಸಿ, “ದೊಡ್ಡಜ್ಜಿ, ಒಂದ್ನಿಮಿಷ” ಎನ್ನುತ್ತ ಟೀವಿಯ ಹಿಂಬದಿಗೆ ಚುಚ್ಚಿದಳು. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಮೊದಲು ಟೇಪಿನ ಸುಯ್ಯೆಂಬ ಸದ್ದು, ಆಮೇಲೆ ಕೆಮ್ಮು, ಆಮೇಲೆ ರಾಗ. ಅಕ್ಕನ ತುಟಿಗಳು ಪದ್ಯದೊಡನೆ ಅಲುಗುತ್ತಿದ್ದುವು. ಮುಕ್ಕಾಲು ಗಂಟೆಯಾದ ಮೇಲೆ ಧ್ವನಿ ಪದದ ನಡುವೆಯೇ ತುಂಡಾಯಿತು.

“ಇನ್ನೊಂದು ಪಕ್ಕ ಹಾಕೋ,” ಎಂದಳು.

ಆ ಪಕ್ಕದಲ್ಲಿ ನಾವು ಏನನ್ನೂ ಮುದ್ರಿಸಿರಲಿಲ್ಲ.