ಧನುಷ್ಕೋಟಿಗೆ ಪುನಃ ಹಳಿ ಹಾಕಬೇಕೆ?

ರಾಮೇಶ್ವರದ ಯಾತ್ರೆಗೆ ಹೋಗುವ ನಮ್ಮ ನಾಡಿನ ಯಾತ್ರಿಕರು ಸೇತುಸ್ನಾನಕ್ಕೆಂದು ಧನುಷ್ಕೋಟಿಯವರೆಗೂ ಹೋಗುವುದು ವಾಡಿಕೆಯಷ್ಟೆ. ಅಲ್ಲಿ ಮರಳಿನ ನಡುವೆ ನಿಂತಿರುವ ಸ್ಟೇಶನ್ನಿನ ಮುರುಕು ಗೋಡೆಗಳನ್ನು ಕಂಡು ನಿಟ್ಟುಸಿರು ಬಿಟ್ಟು ಹಿಂದಿರುಗುತ್ತಾರೆ. ಈ ಸ್ಟೇಶನ್ನು ಏತಕ್ಕೆ ಹುಟ್ಟಿತು, ಏತಕ್ಕೆ ಮುಚ್ಚಿತು ಎಂಬುದನ್ನು ವಿಚಾರಿಸಿದ ಹೊರತು ಅಲ್ಲಿಗೆ ಪುನಃ ರೈಲು ಬೇಕೆಂಬ ಕೂಗಿನ ಬೆಲೆಯು ತಿಳಿಯಲಾರದು.

1914ನೆಯ ಇಸವಿ ಫೆಬ್ರವರಿ 24ರಂದು ಪಾಂಬನ್ ಸೇತುವೆಯು ತೆರೆಯಲ್ಪಟ್ಟಿತು. ಕಂಪನಿಯವರು ಭೂಮಿಯ ತುದಿಯವರೆಗೆ ಹಳಿ ಹಾಕಿಸಿದುದು ಯಾತ್ರಿಕರ ಪುಣ್ಯಾರ್ಜನೆಗಾಗಿ ಅಲ್ಲ. ಮದರಾಸಿನಿಂದ ಬಂದ ಬೋಟ್ ಮೇಲ್ ಗಾಡಿಯ ಪ್ರಯಾಣಿಕರು ಇಲ್ಲಿ ಹಡಗನ್ನೇರಿ, ಸುಮಾರು 22 ಮೈಲಿ ಸಮುದ್ರವನ್ನು ದಾಟಿ, ತಲೈಮನ್ನಾರಿನಲ್ಲಿ ಸಿಂಹಳದ ರೈಲನ್ನು ಹಿಡಿಯುತ್ತಿದ್ದರು. ಬಿಳಿಯ ದೊರೆಗಳ ಚಹಾ ತೋಟಗಳಿಗೆ ಬಡ ತಮಿಳು ಕೂಲಿಗಳು ಸಾಗಿದುದೂ ಈ ಮಾರ್ಗವಾಗಿಯೇ. ಯಾತ್ರಿಕರಿಗಾದ ಅನುಕೂಲವು ಆನುಷಂಗಿಕವಾದುದು.

1964ನೆಯ ಡಿಸೆಂಬರ್ 22ರ ರಾತ್ರಿ ಎದ್ದ ಚಂಡಮಾರುತವು ಊರನ್ನೂ, ಸ್ಟೇಶನ್ನನ್ನೂ ನಾಶಮಾಡಿತು. ಪಾಂಬನ್ನಿನಿಂದ ಹೊರಟಿದ್ದ ಪ್ಯಾಸೆಂಜರ್ ಗಾಡಿಯು ನೂರಕ್ಕೂ ಮಿಕ್ಕಿದ ಪ್ರಯಾಣಿಕರೊಡನೆ ಸಮುದ್ರದ ಪಾಲಾಯಿತು. ಕೆಟ್ಟುಹೋದ ಪಾಂಬನ್ ಸೇತುವೆಯನ್ನು 46 ದಿನಗಳಲ್ಲಿ ಸರಿಪಡಿಸಿದ ರೈಲ್ವೆಯವರು ಧನುಷ್ಕೋಟಿಯ ಹಳಿಯನ್ನು ಮಾತ್ರ ಮುಟ್ಟಲಿಲ್ಲ. ಕಾರಣವು ಸ್ಪಷ್ಟ. ಸೇತುವೆಯ ಆಚೆಗೆ ರಾಮೇಶ್ವರವೆಂಬ ಜೀವಂತ ಊರಿತ್ತು. ಧನುಷ್ಕೋಟಿಯನ್ನು ಸರಕಾರದವರೇ ವಾಸಕ್ಕೆ ಅಯೋಗ್ಯವೆಂದು ಸಾರಿದ್ದರು. ಹಡಗು ರಾಮೇಶ್ವರದಿಂದಲೇ ಹೊರಡತೊಡಗಿತು. ಸಿಂಹಳದ ಅಂತಃಕಲಹದ ದೆಸೆಯಿಂದ 1984ರ ಸುಮಾರಿಗೆ ಅದೂ ನಿಂತಿತು.

2019ನೆಯ ಮಾರ್ಚ್ 1ರಂದು ಪ್ರಧಾನಮಂತ್ರಿಗಳು ಸುಮಾರು 17 ಕಿಲೋಮೀಟರಿನ ಈ ಮಾರ್ಗಕ್ಕೆ ಪುನಃ ಅಸ್ತಿಭಾರವನ್ನು ಹಾಕಿದರು. 2025ರ ಏಪ್ರಿಲ್ಲಿನಲ್ಲಿ ಹೊಸ ಪಾಂಬನ್ ಸೇತುವೆಯೂ ತೆರೆಯಿತು. ಆದರೆ ಅಷ್ಟರವರೆಗೂ ಧನುಷ್ಕೋಟಿಗೆ ಹಳಿ ಬೀಳಲಿಲ್ಲ.

ಇದರಿಂದ ನಷ್ಟವಾಯಿತೆಂದು ನಾವು ಎಣಿಸುವುದಿಲ್ಲ. ಎರಡು ಕಡೆಯೂ ಸಮುದ್ರವಿರುವ ಮರಳುದಿಣ್ಣೆಯ ಮೇಲೆ ಸಾರ್ವಜನಿಕರ ದ್ರವ್ಯವನ್ನು ಸುರಿಯುವುದಕ್ಕೆ ಮುಂಚೆ ಆ ಹಳಿಯು ಯಾರನ್ನು ಎಲ್ಲಿಗೆ ಒಯ್ಯತಕ್ಕದ್ದೆಂಬುದು ನಿಶ್ಚಯವಾಗಬೇಕು. ಶ್ರೀಲಂಕೆಗೆ ಅಲ್ಲಿಂದ ಹಡಗು ಇಲ್ಲದಿರುವಲ್ಲಿ, ಸ್ನಾನಕ್ಕೆ ಹೋಗುವವರಿಗೆ 2017ರಲ್ಲಿ ತೆರೆದ ರಸ್ತೆಯೇ ಸಾಕು. ಸರಕಾರದವರು ಮೊದಲು ಮಾಡಬೇಕಾದುದು ಬೇರೆಯುಂಟು: ಉಳಿದ ಗೋಡೆಗಳನ್ನು ಬೀಳದಂತೆ ಕಾಪಾಡುವುದು, ಅಲ್ಲಿನ ಬೆಸ್ತರಿಗೂ ಯಾತ್ರಿಕರಿಗೂ ಬಿರುಗಾಳಿಯ ಮುನ್ಸೂಚನೆಯು ತಪ್ಪದೆ ಮುಟ್ಟುವಂತೆಯೂ ತಕ್ಕ ಆಶ್ರಯವು ದೊರೆಯುವಂತೆಯೂ ಏರ್ಪಡಿಸುವುದು. ಆ ರಾತ್ರಿ ಗಾಡಿಯಲ್ಲಿದ್ದವರಿಗೆ ಇವೆರಡೂ ದೊರೆಯಲಿಲ್ಲವೆಂಬುದನ್ನು ಮರೆಯಲಾಗದು.