ಕಥೆ ಒಂದೇ ಅಲ್ಲವೆ?

ಹೋದ ತಿಂಗಳು ಒಂದು ರಾತ್ರಿ ಅಮೆರಿಕೆಯಿಂದ ದೂರವಾಣಿ ಕರೆ ಬಂದಿತು. ಮಾತನಾಡಿದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಬಾಸ್ಟನ್ನಿನಲ್ಲಿ ನೌಕರಿಯಲ್ಲಿರುವವನು. ಶನಿವಾರ ರೈಲು ಹತ್ತಿ ಪ್ರಾವಿಡೆನ್ಸ್ ನಗರಕ್ಕೆ ಹೋಗಿ, ಸ್ವಾನ್ ಪಾಯಿಂಟ್ ಸ್ಮಶಾನದಲ್ಲಿ ಎಚ್. ಪಿ. ಲವ್‌ಕ್ರಾಫ್ಟನ ಸಮಾಧಿಯನ್ನು ನೋಡಿ ಬಂದನಂತೆ. ‘ನೀವು ಲೈಬ್ರರಿ ಪೀರಿಯಡ್ಡಿನಲ್ಲಿ ಹೇಳುತ್ತಿದ್ದ ಕಥೆಗಳೆಲ್ಲ ನೆನಪಾದವು ಮೇಡಂ. ಅವನ ಸಮಗ್ರ ಕಥೆಗಳ ದಪ್ಪ ಪುಸ್ತಕವೊಂದು ಅಗ್ಗಕ್ಕೆ ಸಿಕ್ಕಿತು, ಕೊಂಡುಬಿಟ್ಟೆ’ ಎಂದ. ನಾನು ಅಭ್ಯಾಸಬಲದಿಂದ ಸಂಪಾದಕರು ಯಾರು, ಯಾವ ಪಾಠವನ್ನು ಅನುಸರಿಸಿದ್ದಾರೆ ಎಂದು ಕೇಳಿದೆ. ಅವನು ನಕ್ಕ. ‘ಯಾವುದಾದರೇನು ಮೇಡಂ? ಕಥೆ ಒಂದೇ ಅಲ್ಲವೆ?’

ಅಷ್ಟಕ್ಕೆ ಬಿಟ್ಟಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಅವನು ಮುಂದುವರಿಸಿ, ‘ನೀವೇ ಹೇಳಿದ್ದಿರಲ್ಲ, ಅವನ ಜಗತ್ತಿನಲ್ಲಿ ನಮ್ಮ ದೇವಾಸುರರ ಹಾಗೆಯೇ ಎರಡು ಪಂಗಡ, ಒಳ್ಳೆಯ ದೇವತೆಗಳು ಕೆಟ್ಟವರನ್ನು ಬಂಧನದಲ್ಲಿಟ್ಟಿದ್ದಾರೆ ಎಂದು. ಅದು ಇನ್ನೂ ನೆನಪಿದೆ’ ಎಂದ. ಹೌದು, ಹೇಳಿದ್ದೆ. ಮೂವತ್ತು ವರ್ಷಗಳ ಹಿಂದೆ ಕರಿಹಲಗೆಯ ಮುಂದೆ ನಿಂತು, ಅನುಮಾನದ ಸೋಂಕೂ ಇಲ್ಲದೆ ಹೇಳಿದ್ದೆ. ಅದು ಸುಳ್ಳು. ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಈ ಬರಹ ಅವನ ಪ್ರಶ್ನೆಗೆ ಉತ್ತರವೂ ಹೌದು, ನನ್ನ ತಪ್ಪೊಪ್ಪಿಗೆಯೂ ಹೌದು.

ಬಿ.ಎಡ್. ಓದುತ್ತಿದ್ದಾಗ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ನನಗೊಂದು ಪೇಪರ್‌ಬ್ಯಾಕ್ ಸಿಕ್ಕಿತ್ತು. ಮುಖಪುಟದಲ್ಲಿ ಲವ್‌ಕ್ರಾಫ್ಟನ ಹೆಸರು ದೊಡ್ಡ ಅಕ್ಷರಗಳಲ್ಲಿತ್ತು. ಅದರ ಕೆಳಗೆ, ಸಣ್ಣ ಅಕ್ಷರಗಳಲ್ಲಿ, ಆಗಸ್ಟ್ ಡರ್ಲೆತ್ ಎಂಬ ಇನ್ನೊಂದು ಹೆಸರು. ಸಣ್ಣ ಅಕ್ಷರವನ್ನು ಯಾರು ಓದುತ್ತಾರೆ? ಆ ಪುಸ್ತಕವನ್ನೇ ನಾನು ಲವ್‌ಕ್ರಾಫ್ಟ್ ಎಂದು ನಂಬಿದೆ. ಅದರಲ್ಲಿದ್ದ ದೇವಾಸುರ ಯುದ್ಧ ನನಗೆ ಹಿತವಾಗಿಯೂ ಇತ್ತು. ಅಜ್ಜಿಯ ಬಾಯಲ್ಲಿ ಪುರಾಣ ಕೇಳಿ ಬೆಳೆದವರಿಗೆ ಅದು ಪರಿಚಿತ ಪ್ರದೇಶ. ಹಿತವಾದದ್ದನ್ನು ನಾವು ಪರೀಕ್ಷಿಸುವುದಿಲ್ಲ.

ಸತ್ಯಾಂಶ ತಿಳಿದದ್ದು ಬಹಳ ತಡವಾಗಿ. 1937ರ ಮಾರ್ಚ್ 15ರಂದು, ನಲವತ್ತಾರನೆಯ ವಯಸ್ಸಿನಲ್ಲಿ ಲವ್‌ಕ್ರಾಫ್ಟ್ ತೀರಿಕೊಂಡಾಗ ಅವನ ಕಥೆಗಳೆಲ್ಲ ‘ವಿಯರ್ಡ್ ಟೇಲ್ಸ್’ನಂಥ ಅಗ್ಗದ ಕಾಗದದ ಪತ್ರಿಕೆಗಳಲ್ಲಿ ಚದುರಿಹೋಗಿದ್ದವು. ಅವನು ಬದುಕಿದ್ದಾಗ ಪುಸ್ತಕರೂಪದಲ್ಲಿ ಹೊರಬಂದದ್ದು ಒಂದೇ ಕಥೆ, 1936ರ ‘ದಿ ಷ್ಯಾಡೋ ಓವರ್ ಇನ್ಸ್‌ಮತ್’. ಅದೂ ಅಚ್ಚಿನ ತಪ್ಪುಗಳಿಂದ ತುಂಬಿತ್ತು, ಹೊಲಿದು ಕಟ್ಟಿದ ಪ್ರತಿಗಳು ಇನ್ನೂರರಷ್ಟು ಮಾತ್ರ. ಆ ಕಥೆಗಳನ್ನು ಉಳಿಸಿದವರು ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೇ. ಅದಕ್ಕೆಂದೇ 1939ರಲ್ಲಿ ಆರ್ಕಮ್ ಹೌಸ್ ಎಂಬ ಪ್ರಕಾಶನವನ್ನು ಕಟ್ಟಿ ‘ದಿ ಔಟ್‌ಸೈಡರ್ ಅಂಡ್ ಅದರ್ಸ್’ ಎಂಬ ಬೃಹತ್ ಸಂಪುಟದ 1268 ಪ್ರತಿಗಳನ್ನು ಅಚ್ಚು ಹಾಕಿಸಿದರು. ಅವು ಮಾರಾಟವಾಗಲು ವರ್ಷಗಳೇ ಹಿಡಿದವು. ಈ ಉಪಕಾರವನ್ನು ಮರೆಯುವವರು ಕೃತಘ್ನರು, ನಾನು ಮರೆತಿಲ್ಲ.

ಆದರೆ ಮನೆಯನ್ನು ಬೆಂಕಿಯಿಂದ ಉಳಿಸಿದವನಿಗೆ ಆ ಮನೆಯಲ್ಲಿ ತನ್ನ ಸಾಮಾನು ತುಂಬುವ ಹಕ್ಕು ಬರುವುದಿಲ್ಲ. ಡರ್ಲೆತ್ ಮಾಡಿದ್ದು ಅದನ್ನೇ. 1945ರಲ್ಲಿ ಇಬ್ಬರ ಹೆಸರಿನಲ್ಲಿ ಹೊರಬಂದ ‘ದಿ ಲರ್ಕರ್ ಅಟ್ ದ ತ್ರೆಷೋಲ್ಡ್’ ಎಂಬ ಕಾದಂಬರಿಯಲ್ಲಿ ಸುಮಾರು ಐವತ್ತು ಸಾವಿರ ಪದಗಳಿವೆ. ಅವುಗಳಲ್ಲಿ ಲವ್‌ಕ್ರಾಫ್ಟನವು ಸುಮಾರು ಸಾವಿರದ ಇನ್ನೂರು. 1957ರ ‘ದಿ ಸರ್ವೈವರ್ ಅಂಡ್ ಅದರ್ಸ್’ ಸಂಕಲನವೂ ಇದೇ ಜಾಡಿನದು. ಅಲ್ಲಲ್ಲಿ ಗೀಚಿಟ್ಟಿದ್ದ ಟಿಪ್ಪಣಿಯೊಂದನ್ನು ಹಿಡಿದು ಇಡೀ ಕಥೆ ಹೆಣೆದು, ಸತ್ತವನನ್ನು ಸಹಲೇಖಕನೆಂದು ಕರೆದದ್ದು. ತನ್ನ ಕಥೆಗಳೆಲ್ಲಕ್ಕೂ ಮಾಟದಿಂದ ಭ್ರಷ್ಟರಾಗಿ ಹೊರದೂಡಲ್ಪಟ್ಟ ಜನಾಂಗವೊಂದರ ಐತಿಹ್ಯವೇ ಆಧಾರವೆಂದು ಲವ್‌ಕ್ರಾಫ್ಟ್ ಹೇಳಿದನೆಂಬ ಮಾತೊಂದನ್ನೂ ಡರ್ಲೆತ್ ದಶಕಗಳ ಕಾಲ ಉದ್ಧರಿಸಿದ. ಆ ಮಾತು ಬಂದದ್ದು ಹೆರಾಲ್ಡ್ ಫಾರ್ನೀಸ್ ಎಂಬ ಸಂಗೀತ ಸಂಯೋಜಕನ ಪತ್ರದಿಂದ. ಲವ್‌ಕ್ರಾಫ್ಟನ ಲೇಖನಿಯಿಂದ ಅಲ್ಲ. ಲವ್‌ಕ್ರಾಫ್ಟ್ ನಿಜವಾಗಿ ಬರೆದದ್ದು ಅದಕ್ಕೆ ತದ್ವಿರುದ್ಧ. 1927ರಲ್ಲಿ ‘ದಿ ಕಾಲ್ ಆಫ್ ಕ್ತುಲು’ ಕಥೆಯನ್ನು ‘ವಿಯರ್ಡ್ ಟೇಲ್ಸ್’ ಸಂಪಾದಕ ಫಾರ್ನ್ಸ್‌ವರ್ತ್ ರೈಟ್‌ಗೆ ಎರಡನೆಯ ಬಾರಿ ಕಳಿಸುವಾಗ, ಮನುಷ್ಯನ ನಿಯಮಗಳಿಗೂ ಹಿತಾಸಕ್ತಿಗಳಿಗೂ ಭಾವನೆಗಳಿಗೂ ಈ ವಿಶಾಲ ಬ್ರಹ್ಮಾಂಡದಲ್ಲಿ ಯಾವ ಬೆಲೆಯೂ ಇಲ್ಲವೆಂಬುದೇ ತನ್ನ ಕಥೆಗಳ ತಳಹದಿ ಎಂದು ಅವನು ಸ್ಪಷ್ಟವಾಗಿ ತಿಳಿಸಿದ್ದಾನೆ.

ಎರಡಕ್ಕೂ ಇರುವ ಅಂತರವನ್ನು ಗಮನಿಸಿ. ಒಂದರಲ್ಲಿ ನಮ್ಮನ್ನು ಕಾಯುವವರಿದ್ದಾರೆ. ಇನ್ನೊಂದರಲ್ಲಿ ಕಾಯುವವರೂ ಇಲ್ಲ, ದ್ವೇಷಿಸುವವರೂ ಇಲ್ಲ. ನಾನು ಮಕ್ಕಳಿಗೆ ಹೇಳಿಕೊಟ್ಟದ್ದು ಮೊದಲನೆಯದನ್ನು, ಎರಡನೆಯವನ ಹೆಸರಿನಲ್ಲಿ. ಈಗ ಹೇಳು ಮಗು, ಕಥೆ ಒಂದೇ ಏನು?

ಹೆಸರಿನ ಮೋಸ ಹೀಗಾದರೆ, ಪಾಠದ ಮೋಸ ಇನ್ನೂ ಸೂಕ್ಷ್ಮವಾದುದು. ‘ಅಟ್ ದ ಮೌಂಟನ್ಸ್ ಆಫ್ ಮ್ಯಾಡ್ನೆಸ್’ ಎಂಬ ಅಂಟಾರ್ಕ್ಟಿಕದ ಕಿರುಕಾದಂಬರಿಯನ್ನು 1931ರಲ್ಲಿ ರೈಟ್ ತಿರಸ್ಕರಿಸಿದ. ಆ ಪೆಟ್ಟಿನಿಂದ ಲವ್‌ಕ್ರಾಫ್ಟ್ ಬಹುಕಾಲ ಚೇತರಿಸಿಕೊಳ್ಳಲಿಲ್ಲ. 1936ರಲ್ಲಿ ‘ಅಸ್ಟೌಂಡಿಂಗ್ ಸ್ಟೋರೀಸ್’ ಅದನ್ನು ಮೂರು ಕಂತುಗಳಲ್ಲಿ ಪ್ರಕಟಿಸಿದಾಗ ಅವನ ದೀರ್ಘ ಪ್ಯಾರಾಗಳನ್ನೆಲ್ಲ ತುಂಡರಿಸಿ, ಕೊನೆಯ ಭಾಗದಲ್ಲಿ ಸುಮಾರು ಸಾವಿರ ಪದಗಳನ್ನು ಕಿತ್ತುಹಾಕಿದ್ದರು. ಅವನು ರೇಗಿಹೋಗಿ, ತನ್ನ ಪ್ರತಿಗಳ ಮೇಲೆ ಕೈಯಾರೆ ತಿದ್ದುಪಡಿ ಮಾಡುತ್ತ ಕುಳಿತನು. ಮರುವರ್ಷ ಸತ್ತನು.

ಪ್ಯಾರಾ ತುಂಡಾದರೆ ಏನು ಹೋಯಿತು ಎಂದು ಕೇಳುವವರಿಗೆ ನನ್ನ ಉತ್ತರ ಇದು: ಲವ್‌ಕ್ರಾಫ್ಟನ ಭಯ ಇರುವುದು ಘಟನೆಯಲ್ಲಿ ಅಲ್ಲ, ಗತಿಯಲ್ಲಿ. ಅವನ ಕಥೆಗಳಲ್ಲಿ ಸಂಭಾಷಣೆ ವಿರಳ. ವಿಜ್ಞಾನದ ವರದಿಯಂತೆ ನಿಧಾನವಾಗಿ, ಅಳತೆ ಆಳಗಳ ಲೆಕ್ಕ ಕೊಡುತ್ತ, ವಾಕ್ಯದ ಮೇಲೆ ವಾಕ್ಯ ಪೇರಿಸಿ, ಓದುಗನಿಗೆ ಉಸಿರು ತೆಗೆದುಕೊಳ್ಳುವ ಎಡೆ ಕೊಡದೆ ಅವನು ಮುಂದೆ ನಡೆಸುತ್ತಾನೆ. ನಡುನಡುವೆ ಸಾಲು ಮುರಿದು ಉಸಿರಿಗೆ ಅವಕಾಶ ಕೊಟ್ಟಿರೋ, ಆ ಭಯ ಸೋರಿಹೋಗುತ್ತದೆ. ಉಳಿಯುವುದು ವಿಚಿತ್ರ ಪ್ರಾಣಿಗಳ ಒಂದು ಕಥೆ ಮಾತ್ರ. ಅವನ ಗದ್ಯ ಅತಿಯಾಯಿತೆಂದು ದೂರುವ ಹಲವರು ಓದಿದ್ದು ಯಾವ ಮುದ್ರಣವೆಂದು ನಾನು ಮೊದಲು ಕೇಳುತ್ತೇನೆ.

ಈ ತಪ್ಪುಗಳನ್ನು ಸರಿಪಡಿಸಿದವರು ಎಸ್. ಟಿ. ಜೋಶಿ. 1958ರಲ್ಲಿ ಪುಣೆಯಲ್ಲಿ ಹುಟ್ಟಿ, ಐದನೆಯ ವಯಸ್ಸಿನಲ್ಲಿ ಅಮೆರಿಕೆಗೆ ಹೋದವರು. ಲವ್‌ಕ್ರಾಫ್ಟನ ಹಸ್ತಪ್ರತಿಗಳಿರುವ ಕಾರಣಕ್ಕೇ ಪ್ರಾವಿಡೆನ್ಸಿನ ಬ್ರೌನ್ ವಿಶ್ವವಿದ್ಯಾಲಯವನ್ನು ಸೇರಿ, ಹಸ್ತಪ್ರತಿ, ಬೆರಳಚ್ಚು ಪ್ರತಿ, ಪತ್ರಿಕೆಯ ಪಾಠ ಇವುಗಳನ್ನು ಸಾಲುಸಾಲಾಗಿ ಹೋಲಿಸಿದರು. 1984ರಿಂದ 1986ರವರೆಗೆ ಆರ್ಕಮ್ ಹೌಸ್ ಮೂಲಕವೇ ಮೂರು ಪರಿಷ್ಕೃತ ಸಂಪುಟಗಳು ಹೊರಬಂದವು. ತಾಳೆಗರಿಗಳನ್ನು ಮುಂದಿಟ್ಟುಕೊಂಡು ಪಾಠಾಂತರ ಗುರುತಿಸುತ್ತಿದ್ದ ಹಿರಿಯರನ್ನು ಕಂಡ ನಾಡು ನಮ್ಮದು. ‘ಕನ್ನಡ ಗ್ರಂಥಸಂಪಾದನೆ’ ಬರೆದ ಡಿ. ಎಲ್. ನರಸಿಂಹಾಚಾರ್ಯರ ಶ್ರಮ ಯಾವ ಜಾತಿಯದೆಂದು ಬಲ್ಲವರಿಗೆ ಜೋಶಿಯವರ ಶ್ರಮವನ್ನು ವಿವರಿಸಬೇಕಾಗಿಲ್ಲ. ಪಂಪನಿಗೆ ಸಲ್ಲುವ ಶ್ರದ್ಧೆ ದೆವ್ವದ ಕಥೆಗಾರನಿಗೇಕೆ ಎಂದು ಮನೆಯಲ್ಲೇ ಒಬ್ಬರು ಮೂಗು ಮುರಿದರು. ಶ್ರದ್ಧೆ ಸಲ್ಲುವುದು ಕವಿಯ ಅಂತಸ್ತಿಗಲ್ಲ, ಅವನು ಬರೆದ ಅಕ್ಷರಕ್ಕೆ.

ಇಲ್ಲಿ ನನ್ನ ಪ್ರೀತಿಯ ಕಥೆಯೊಂದರ ಪ್ರಸಂಗವನ್ನು ಹೇಳಲೇಬೇಕು. ‘ದಿ ಷ್ಯಾಡೋ ಔಟ್ ಆಫ್ ಟೈಮ್’ ಕಥೆಯನ್ನು ಲವ್‌ಕ್ರಾಫ್ಟ್ 1934–35ರಲ್ಲಿ ನೋಟುಬುಕ್ಕೊಂದರಲ್ಲಿ ಪೆನ್ಸಿಲಿನಿಂದ ಬರೆದ. ರಾಬರ್ಟ್ ಬಾರ್ಲೋ ಎಂಬ ಎಳೆಯ ಗೆಳೆಯ ಅವನಿಗೆ ತಿಳಿಸದೆ ಅದನ್ನು ಬೆರಳಚ್ಚು ಮಾಡಿಕೊಟ್ಟ. ಪತ್ರಿಕೆಯಲ್ಲಿ ಅದೂ ತುಂಡುತುಂಡಾಗಿಯೇ ಅಚ್ಚಾಯಿತು. ಮೂಲ ನೋಟುಬುಕ್ಕು ಕಣ್ಮರೆಯಾಯಿತು. ಬಾರ್ಲೋ ಮುಂದೆ ಮೆಕ್ಸಿಕೊದಲ್ಲಿ ಮಾನವಶಾಸ್ತ್ರದ ಅಧ್ಯಾಪಕನಾದ, 1951ರಲ್ಲಿ ತೀರಿಕೊಂಡ. ಅವನಲ್ಲಿ ಕಲಿತ ಶಿಷ್ಯೆಯೊಬ್ಬಳ ಬಳಿ ಆ ನೋಟುಬುಕ್ಕು ದಶಕಗಳ ಕಾಲ ಇದ್ದು, 1990ರ ದಶಕದಲ್ಲಿ, ಅವಳ ಮರಣಾನಂತರ, ಬ್ರೌನ್ ವಿಶ್ವವಿದ್ಯಾಲಯದ ಜಾನ್ ಹೇ ಗ್ರಂಥಾಲಯವನ್ನು ಸೇರಿತು. ನಿಜವಾದ ಪಾಠ ಓದುಗರ ಕೈಗೆ ಬಂದದ್ದು 2001ರಲ್ಲಿ. ಇನ್ನು ಆ ಕಥೆಯ ಕೊನೆ ಏನು ಬಲ್ಲಿರಾ? ಓದದವರು ಕ್ಷಮಿಸಬೇಕು. ಆಸ್ಟ್ರೇಲಿಯದ ಮರುಭೂಮಿಯ ಕೆಳಗೆ, ಮನುಷ್ಯಕುಲಕ್ಕಿಂತ ಕೋಟ್ಯಂತರ ವರ್ಷ ಹಳೆಯದಾದ ಗ್ರಂಥಾಲಯದಲ್ಲಿ ಒಬ್ಬ ಪ್ರಾಧ್ಯಾಪಕ ಪುಸ್ತಕವೊಂದನ್ನು ತೆರೆದು, ಅದರಲ್ಲಿ ತನ್ನದೇ ಕೈಬರಹವನ್ನು ಕಾಣುತ್ತಾನೆ. ಕಳೆದುಹೋದ ಕೈಬರಹದ ಕಥೆಯ ಕೈಬರಹವೇ ಕಳೆದು, ಅರವತ್ತು ವರ್ಷಗಳ ಮೇಲೆ ಸಿಕ್ಕಿತು. ಗುರುವಿನ ಕೊಡುಗೆಯನ್ನು ಒಬ್ಬ ಶಿಷ್ಯೆ ಎಸೆಯದೆ ಇಟ್ಟುಕೊಂಡಿದ್ದಳು ಎಂಬ ಒಂದೇ ಕಾರಣಕ್ಕೆ. ಅಧ್ಯಾಪಕಿಯಾದ ನನಗೆ ಇದನ್ನು ಬರೆಯುವಾಗ ಕಣ್ಣು ತೇವವಾಗುತ್ತದೆ.

ಮೂರನೆಯ ಮೋಸ ಒಳ್ಳೆಯ ಉದ್ದೇಶದಿಂದ ನಡೆಯುವಂಥದು. ಲವ್‌ಕ್ರಾಫ್ಟ್ ಜನಾಂಗದ್ವೇಷಿಯಾಗಿದ್ದ. ಇದರಲ್ಲಿ ‘ಆದರೆ’ ಎಂಬುದಕ್ಕೆ ಎಡೆಯಿಲ್ಲ. 1912ರಲ್ಲಿ ಕರಿಯರ ಬಗ್ಗೆ ಅವನು ಬರೆದ ಪದ್ಯ ಹೇಸಿಗೆ ಹುಟ್ಟಿಸುವಂಥದು. 1925ರಲ್ಲಿ ಬ್ರೂಕ್ಲಿನ್ನಿನಲ್ಲಿದ್ದಾಗ ಬರೆದ ‘ದಿ ಹಾರರ್ ಅಟ್ ರೆಡ್ ಹುಕ್’ ಕಥೆಯಲ್ಲಿ ವಲಸಿಗರೇ ಪಿಶಾಚಿಗಳು. ‘ದಿ ರ‍್ಯಾಟ್ಸ್ ಇನ್ ದ ವಾಲ್ಸ್’ ಕಥೆಯ ಬೆಕ್ಕಿಗೆ ಅವನಿಟ್ಟ ಹೆಸರು ಕರಿಯರನ್ನು ನಿಂದಿಸುವ ಪದ. 1950ರ ದಶಕದ ಮರುಮುದ್ರಣವೊಂದರಲ್ಲಿ ಆ ಹೆಸರನ್ನು ಬದಲಿಸಿದ್ದೂ ಉಂಟು. ಮಕ್ಕಳ ಕೈಗೆ ಕೊಡುವಾಗ ಹೀಗೆ ತೊಳೆದು ಕೊಡುವುದು ಸರಿಯಲ್ಲವೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಒಮ್ಮೆ ವಾದಿಸಿದರು. ಸರಿಯಲ್ಲ. ತೊಳೆದರೆ ಲಾಭ ಲವ್‌ಕ್ರಾಫ್ಟನಿಗೇ ಹೊರತು ಮಕ್ಕಳಿಗಲ್ಲ. ಅವನ ಕೊಳೆ ಕಾಣದೆ ಹೋಗುತ್ತದೆ, ಅವನು ಇದ್ದುದಕ್ಕಿಂತ ಸಜ್ಜನನಾಗಿ ಕಾಣುತ್ತಾನೆ. ಇದ್ದುದನ್ನು ಇದ್ದಂತೆ ಅಚ್ಚು ಹಾಕಿ, ಅಡಿಯಲ್ಲಿ ಟಿಪ್ಪಣಿ ಬರೆಯಬೇಕು.

ವಿಶ್ವ ಫ್ಯಾಂಟಸಿ ಪ್ರಶಸ್ತಿಯ ಕತೆಯೂ ಇಲ್ಲಿ ಪ್ರಸ್ತುತ. ಅದರ ಸ್ಮರಣಿಕೆ ಬಹುಕಾಲ ಲವ್‌ಕ್ರಾಫ್ಟನ ತಲೆಯ ಪ್ರತಿಮೆಯಾಗಿತ್ತು. 2011ರಲ್ಲಿ ಪ್ರಶಸ್ತಿ ಪಡೆದ ನೈಜೀರಿಯ ಮೂಲದ ಲೇಖಕಿ ನೆಡಿ ಒಕೊರಾಫೊರ್ ತಮ್ಮ ಜನರನ್ನು ಹೀಗಳೆದವನ ತಲೆ ತಮ್ಮ ಮನೆಯಲ್ಲಿರುವುದರ ಇರಿಸುಮುರಿಸನ್ನು ಬರೆದರು. 2015ರಲ್ಲಿ ಆ ಪ್ರತಿಮೆಯನ್ನು ಕೈಬಿಡಲಾಯಿತು. ಪ್ರತಿಭಟಿಸಿ ಜೋಶಿಯವರು ತಮ್ಮ ಪ್ರಶಸ್ತಿಗಳನ್ನು ಹಿಂದಿರುಗಿಸಿದರು. ಅವರ ಋಣ ನನ್ನ ಮೇಲಿದ್ದರೂ ಈ ವಿಷಯದಲ್ಲಿ ನಾನು ಅವರ ಪಕ್ಷದವಳಲ್ಲ. ಸ್ಮರಣಿಕೆ ಗೌರವದ ವಸ್ತು. ಪುಸ್ತಕ ಸಾಕ್ಷ್ಯದ ವಸ್ತು. ಗೌರವವನ್ನು ಹಿಂತೆಗೆದುಕೊಳ್ಳಬಹುದು, ಸಾಕ್ಷ್ಯವನ್ನು ತಿದ್ದಕೂಡದು. ಸಾಕ್ಷ್ಯ ಉಳಿದದ್ದರಿಂದಲೇ ವಿಕ್ಟರ್ ಲವಾಲ್ ಎಂಬ ಕರಿಯ ಲೇಖಕ 2016ರಲ್ಲಿ ‘ದಿ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್’ ಬರೆದು, ರೆಡ್ ಹುಕ್ ಕಥೆಯನ್ನು ಇನ್ನೊಂದು ಕಣ್ಣಿನಿಂದ ಹೇಳಲು ಸಾಧ್ಯವಾಯಿತು. ಅಳಿಸಿಹಾಕಿದ್ದಕ್ಕೆ ಉತ್ತರ ಕೊಡುವುದು ಹೇಗೆ?

ಇಷ್ಟು ದೂಷಿಸಿದ ಮೇಲೆ ಏನನ್ನು ಓದಬೇಕೆಂದು ಹೇಳದಿದ್ದರೆ ಅಧ್ಯಾಪಕಿಯ ಕರ್ತವ್ಯ ಮುಗಿಯದು. ಪೆಂಗ್ವಿನ್ ಕ್ಲಾಸಿಕ್ಸ್ ಮಾಲೆಯಲ್ಲಿ ಜೋಶಿ ಸಂಪಾದಿಸಿದ 1999, 2001 ಮತ್ತು 2004ರ ಮೂರು ಸಂಪುಟಗಳು ವಿದ್ಯಾರ್ಥಿಗೆ ಸಾಕು. ಪಾಠವೂ ಶುದ್ಧ, ಟಿಪ್ಪಣಿಯೂ ಹಿತಮಿತ. ಒಂದೇ ಸಂಪುಟ ಬೇಕೆನ್ನುವವರಿಗೆ ಪೀಟರ್ ಸ್ಟ್ರಾಬ್ ಆಯ್ದ, ಲೈಬ್ರರಿ ಆಫ್ ಅಮೆರಿಕದ 2005ರ ‘ಟೇಲ್ಸ್’. ಚಿತ್ರ, ನಕ್ಷೆ, ವಿವರಗಳ ಮೇಲೆ ಆಸೆಯುಳ್ಳವರಿಗೆ ಲೆಸ್ಲಿ ಕ್ಲಿಂಗರ್ ಸಂಪಾದಿಸಿದ 2014ರ ದೊಡ್ಡ ಪುಸ್ತಕ. 2019ರಲ್ಲಿ ಬಂದ ಅದರ ಎರಡನೆಯ ಸಂಪುಟಕ್ಕೆ ಪೀಠಿಕೆ ಬರೆದವರು ಅದೇ ವಿಕ್ಟರ್ ಲವಾಲ್.

ಮೊದಲು ‘ದಿ ಕಲರ್ ಔಟ್ ಆಫ್ ಸ್ಪೇಸ್’ ಓದಿ. 1927ರ ಈ ಕಥೆಯನ್ನು ಲವ್‌ಕ್ರಾಫ್ಟ್ ತಾನು ಬರೆದವುಗಳಲ್ಲೆಲ್ಲ ಶ್ರೇಷ್ಠವೆಂದು ಎಣಿಸಿದ್ದ. ನೇಹಮ್ ಗಾರ್ಡನರ್ ಎಂಬ ರೈತನ ಬಾವಿಯ ಪಕ್ಕ ಒಂದು ಉಲ್ಕೆ ಬೀಳುತ್ತದೆ. ಆ ವರ್ಷ ಮರಗಳಲ್ಲಿ ಹಣ್ಣು ಜೋತಾಡುತ್ತದೆ, ಬಾಯಿಗಿಟ್ಟರೆ ಕಹಿ. ದನಗಳು ಬೂದಿಯಾಗಿ ಉದುರುತ್ತವೆ, ಹೆಂಡತಿಗೆ ಬುದ್ಧಿ ಕೆಡುತ್ತದೆ, ಮಕ್ಕಳು ಒಬ್ಬೊಬ್ಬರಾಗಿ ಹೋಗುತ್ತಾರೆ. ಆ ರೈತ ದೇವರಿಗೆ ಅಂಜಿ ನಡೆದವನು. ತಾನು ಮಾಡಿದ ತಪ್ಪೇನೆಂದು ಅವನಿಗೆ ಕೊನೆಯವರೆಗೂ ತಿಳಿಯುವುದಿಲ್ಲ, ಏಕೆಂದರೆ ತಪ್ಪೇ ಇಲ್ಲ. ಶಾಪ ಕೊಟ್ಟವರಿಲ್ಲ, ವರ ಕೊಡುವವರೂ ಇಲ್ಲ. ಆಕಾಶದಿಂದ ಬಂದ ಒಂದು ಬಣ್ಣ, ಅಷ್ಟೆ. ಈ ಕಥೆಯನ್ನು ದೇವಾಸುರ ಯುದ್ಧವೆಂದು ಓದಲು ಹೇಗೆ ಸಾಧ್ಯ? ಓದಿದರೆ ಆ ರೈತನ ನೋವಿಗೆ ಅಪಚಾರ ಮಾಡಿದಂತೆ. ಅಂಥ ಅಪಚಾರವನ್ನು ಒಂದು ತರಗತಿಯ ಮಕ್ಕಳಿಗೆ ಪಾಠವೆಂದು ಕಲಿಸಿದವಳು ನಾನು.

ಪೇಪರ್‌ಬ್ಯಾಕ್ ಅಚ್ಚು ಹಾಕಿದವರನ್ನು ಬೈದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಮುಖಪುಟದ ಸಣ್ಣ ಅಕ್ಷರವನ್ನು ಓದುವುದು ಶಿಕ್ಷಕಿಯಾದ ನನ್ನ ಕೆಲಸವಾಗಿತ್ತು. ಆ ತರಗತಿಯಲ್ಲಿ ಕುಳಿತಿದ್ದ ಉಳಿದವರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನಸ್ಸಿನ ನೋಟುಬುಕ್ಕಿನಲ್ಲಿ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾದುದನ್ನು ಬರೆದುಕೊಳ್ಳಿ. ಹೊಡೆದುಹಾಕಿದ ಸಾಲು ಕಾಣುತ್ತಿರಲಿ. ತಪ್ಪು ಯಾರದೆಂದು ತಿಳಿದಿರಬೇಕು.

ಬಾಸ್ಟನ್ನಿನ ನನ್ನ ಹುಡುಗ, ನೀನು ಮತ್ತೊಮ್ಮೆ ಪ್ರಾವಿಡೆನ್ಸಿಗೆ ಹೋದಾಗ ಸಮಾಧಿಯಿಂದ ಹಿಂದಿರುಗುವ ದಾರಿಯಲ್ಲಿ ಜಾನ್ ಹೇ ಗ್ರಂಥಾಲಯದ ಮುಂದೆಯೂ ಸ್ವಲ್ಪ ಹೊತ್ತು ನಿಂತು ಬಾ. ಆ ಪೆನ್ಸಿಲಿನ ನೋಟುಬುಕ್ಕು ಅಲ್ಲಿದೆ. ನೀನು ಕೊಂಡ ದಪ್ಪ ಪುಸ್ತಕವನ್ನು ಎಸೆಯಬೇಡ, ಮೊದಲ ಪುಟ ತೆರೆದು ಯಾರು ಸಂಪಾದಿಸಿದ್ದಾರೆಂದು ನೋಡು. ಯಾರ ಹೆಸರೂ ಇಲ್ಲದಿದ್ದರೆ ನನಗೆ ಫೋನು ಮಾಡು. ಪೆಂಗ್ವಿನ್ನಿನ ಮೂರು ಸಂಪುಟಗಳನ್ನು ನಾನೇ ಕೊಡಿಸುತ್ತೇನೆ. ಅದು ಉಡುಗೊರೆಯಲ್ಲಪ್ಪ, ಮೂವತ್ತು ವರ್ಷದ ಹಳೆಯ ಬಾಕಿ.