ಪರ್ಮಿಟ್ ರೂಮಿನ ಬೋರ್ಡು ಮತ್ತು ನಮ್ಮ ಮೌನ

ಕಳೆದ ದೀಪಾವಳಿಗೆ ಮಾವನನ್ನೂ ಅತ್ತೆಯನ್ನೂ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಮುಂಬಯಿಯ ಪಶ್ಚಿಮ ಉಪನಗರದ ಆ ರೆಸ್ಟೋರೆಂಟ್ ಮೊದಲು ಬಾರ್ ಆಗಿತ್ತು. ಕುಂದಾಪುರದ ಕಡೆಯಿಂದ 1989ರಲ್ಲಿ ಬಂದ ಮಾವ ಅಲ್ಲಿ ಟೇಬಲ್ ಒರೆಸುವುದರಿಂದ ಶುರುಮಾಡಿ, ವೇಟರ್ ಆಗಿ, ಕೊನೆಗೆ ಗಲ್ಲಾದಲ್ಲಿ ಕೂತು 28 ವರ್ಷ ದುಡಿದರು. ಈಗ ಅಲ್ಲಿ ಹಳದಿ ದೀಪಗಳು, ಘೀ ರೋಸ್ಟ್, ಕಾಕ್‌ಟೇಲ್ ಪಟ್ಟಿ. ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಹಳೆಯ ‘ಪರ್ಮಿಟ್ ರೂಮ್’ ಬೋರ್ಡು.

ಮಾವ ಅದನ್ನೇ ನೋಡುತ್ತಾ ಕೂತರು. “ಅದಕ್ಕೆ ಪೇಂಟ್ ಹೊಡೆಸಿದ್ದು ನಾನೇ” ಎಂದರು. ಆರ್ಡರ್ ತೆಗೆದುಕೊಳ್ಳಲು ಬಂದ ಹುಡುಗನಿಗೆ ಮಾತ್ರ ಏನೂ ಹೇಳಲಿಲ್ಲ.

‘ಪರ್ಮಿಟ್ ರೂಮ್’ ಎಂಬುದು ವಿಚಿತ್ರ ಪದ. ‘ಪಬ್’ ಎಂದರೆ ‘ಪಬ್ಲಿಕ್ ಹೌಸ್’, ಎಲ್ಲರಿಗೂ ತೆರೆದ ಮನೆ. ನಮ್ಮದು ಅದಕ್ಕೆ ತದ್ವಿರುದ್ಧ, ಪರವಾನಗಿ ಇದ್ದವರಿಗೆ ಮಾತ್ರ ತೆರೆದ ಕೋಣೆ. ಆಗಿನ ಮುಂಬಯಿ ರಾಜ್ಯ 1949ರಲ್ಲಿ ಪಾನನಿಷೇಧ ಕಾಯ್ದೆ ತಂದಿತು. 1960ರಲ್ಲಿ ರಾಜ್ಯ ಎರಡಾದಾಗ ಮಹಾರಾಷ್ಟ್ರ, ಗುಜರಾತ್ ಎರಡಕ್ಕೂ ಆ ಕಾಯ್ದೆ ಬಂತು. ಗುಜರಾತ್ ನಿಷೇಧವನ್ನು ಉಳಿಸಿಕೊಂಡಿತು, ಮಹಾರಾಷ್ಟ್ರ ಪರ್ಮಿಟ್ಟಿನ ಕಿಟಕಿಯನ್ನು ಸ್ವಲ್ಪಸ್ವಲ್ಪವೇ ಅಗಲ ಮಾಡಿತು. ಕುಡಿಯುವವನ ಬಳಿ ಪರ್ಮಿಟ್ ಇರಬೇಕೆಂಬ ನಿಯಮ ಕಾಗದದ ಮೇಲೆ ಉಳಿದೇ ಇತ್ತು. ಹೀಗೆ ಒಂದು ಕಾಯ್ದೆಯ ಪದ ಬೀದಿಯ ಪದವಾಯಿತು. ಈಗ ಅದು ಹಳೇ ನೆನಪಿನ ಬ್ರ್ಯಾಂಡೂ ಆಗಿದೆ. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಡಿಶೂಮ್‌ನವರು ತೆರೆದ ಬಾರಿನ ಹೆಸರೂ ‘ಪರ್ಮಿಟ್ ರೂಮ್’!

ಮಾವನ ಬಾರ್ ಬದಲಾದದ್ದಕ್ಕೂ ಕಾನೂನೇ ನೆಪ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂಬ ಸುಪ್ರೀಂ ಕೋರ್ಟಿನ ಆದೇಶ 2017ರ ಏಪ್ರಿಲ್ 1ರಂದು ಜಾರಿಗೆ ಬಂತು. ಕೆಲವು ತಿಂಗಳಲ್ಲಿ ನಗರ ಪ್ರದೇಶಗಳಿಗೆ ಸಡಿಲಿಕೆಯೂ ಸಿಕ್ಕಿತು. ಅಷ್ಟರಲ್ಲಿ ಧಣಿಯ ಮಗ ಗೋಡೆ ಒಡೆಸಿ ರೆಸ್ಟೋರೆಂಟಿನ ನಕ್ಷೆ ಹಾಕಿಸಿದ್ದ. ಹಳಬರಲ್ಲಿ ಹೆಚ್ಚಿನವರು ಊರಿಗೆ ಹೋದರು.

ನನ್ನ ತಕರಾರು ಈ ಬದಲಾವಣೆಯ ಮೇಲಲ್ಲ. ಚಿಕ್ಕವಳಿದ್ದಾಗ ಮಾವನಿಗೆ ಡಬ್ಬಿ ಕೊಡಲು ಹೋದರೆ ನಾನು ಹಿಂಬಾಗಿಲಲ್ಲೇ ನಿಲ್ಲಬೇಕಿತ್ತು. ಮೇಲೆ ಒಂದು ‘ಫ್ಯಾಮಿಲಿ ರೂಮ್’ ಇತ್ತು. ಆ ಪದದ ಅರ್ಥ, ಹೆಂಗಸರು ಕೂರಬಹುದಾದ ಜಾಗ ಅದೊಂದೇ ಎಂದು. ಅಲ್ಲಿಗೂ ನಮ್ಮವರು ಯಾರೂ ಹೋದದ್ದಿಲ್ಲ. ಅತ್ತೆ ಆ ದಿನ ಸುತ್ತಲೂ ಕಣ್ಣಾಡಿಸಿ, “ಇಷ್ಟ್ ವರ್ಷ ಒಳ್ಗ್ ಹ್ಯಾಂಗಿತ್ತ್ ಅಂದೇಳಿ ನಾ ಕಂಡಿರ್ಲಿಲ್ಲ” ಎಂದರು. ಸಂಬಳದ ದಿನ ಕ್ವಾರ್ಟರ್ ಮೇಲೆ ಕ್ವಾರ್ಟರ್ ಇಳಿಸಿ ಮನೆಗೆ ಹೋದವರ ಹೆಂಡತಿಯರನ್ನು ನೆನೆದರೆ, ಹಳೆಯ ಬಾರಿನ ಬಗ್ಗೆ ಹಾಡಿ ಹೊಗಳಲು ನನಗೆ ಬಾಯಿ ಬರುವುದಿಲ್ಲ.

ನನ್ನ ತಕರಾರು ನಮ್ಮ ಮೇಲೆಯೇ. ಮುಂಬಯಿ ಕನ್ನಡಿಗರು ಉಡುಪಿ ಹೋಟೆಲಿನ ಕಥೆಯನ್ನು ಎದೆಯುಬ್ಬಿಸಿ ಹೇಳುತ್ತೇವೆ. ಹಗಲು ಕಪ್ಪು ತೊಳೆದು ರಾತ್ರಿ ಶಾಲೆಯಲ್ಲಿ ಓದಿ ವಕೀಲರಾದವರ ಕಥೆ ನಮ್ಮ ಸ್ಮರಣ ಸಂಚಿಕೆಗಳ ತುಂಬ ಇದೆ. ಬಾರಿನ ಹುಡುಗರಿಗೆ ರಾತ್ರಿಯೇ ಕೆಲಸ, ಹಾಗಾಗಿ ರಾತ್ರಿ ಶಾಲೆಯ ಕಥೆಯಲ್ಲಿ ಅವರಿಲ್ಲ. ಅವರು ಕೂಡ ಅದೇ ಊರುಗಳಿಂದ ಅದೇ ಬಸ್ಸು ಹತ್ತಿ ಬಂದವರು. ಎಷ್ಟೋ ಕಡೆ ಇಡ್ಲಿ ಮಾರುತ್ತಿದ್ದ ಹೋಟೆಲೇ ಲೈಸೆನ್ಸ್ ತೆಗೆದುಕೊಂಡು ಬಾರ್ ಆಯಿತು. ಆದರೂ ಮೊದಲರ್ಧವನ್ನು ಇತಿಹಾಸ ಎನ್ನುತ್ತೇವೆ, ಉಳಿದರ್ಧವನ್ನು ನುಂಗಿಕೊಳ್ಳುತ್ತೇವೆ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಅಕ್ಕನ ಸಂಬಂಧ ನೋಡುವಾಗ ಮಾವನ ಕೆಲಸವನ್ನು ‘ಹೋಟೆಲ್ ಉದ್ಯೋಗ’ ಎಂದೇ ಹೇಳಿದೆವು. ನನ್ನ ಎಂ.ಎ. ಫೀಸಿನ ಒಂದು ಪಾಲು ಅವರ ಟಿಪ್ಸಿನಿಂದ ಬಂದದ್ದು. ಭಾಷಾಶಾಸ್ತ್ರದ ತರಗತಿಯಲ್ಲಿ ಭಾಷಾ ಬೆರಕೆಯ ಉದಾಹರಣೆ ಕೇಳಿದಾಗ ನಾನು ಪುಸ್ತಕದಿಂದ ಒಂದನ್ನು ಹೇಳಿದೆ. ಗಿರಾಕಿಯೊಡನೆ ಹಿಂದಿ, ಇನ್‌ಸ್ಪೆಕ್ಟರನೊಡನೆ ಮರಾಠಿ, ಅಡುಗೆಮನೆಯಲ್ಲಿ ತುಳು, ಧಣಿಯೊಡನೆ ಕುಂದಾಪ್ರ ಕನ್ನಡ ಆಡುತ್ತಿದ್ದ, ಏಳನೇ ತರಗತಿ ಓದಿದ ಮನುಷ್ಯ ಮನೆಯಲ್ಲೇ ಇದ್ದರು. ಅವರ ಹೆಸರು ಹೇಳಲು ನಾಚಿಕೆಯಾಗಿತ್ತು.

ನಾವು ಹೇಳದೆ ಬಿಟ್ಟ ಕಥೆಯನ್ನು ಈಗ ಒಳಾಂಗಣ ಅಲಂಕಾರದವರು ಹೇಳುತ್ತಿದ್ದಾರೆ. ಅವರಿಗೆ ಬೋರ್ಡು ಬೇಕು, ಪೆಗ್ ಅಳತೆಯ ಸ್ಟೀಲ್ ಲೋಟ ಬೇಕು. ಅದನ್ನು ಹಿಡಿದ ಕೈ ಯಾರದೆಂಬುದು ಬೇಕಿಲ್ಲ. ಆ ಗೋಡೆಯಲ್ಲಿ ಸಿನಿಮಾ ಪೋಸ್ಟರುಗಳಿವೆ, ಕೆಲಸಗಾರನೊಬ್ಬನ ಫೋಟೋ ಇಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ಕೇಳಿದ್ದರೆ ಕೊಡಲು ನಮ್ಮ ಬಳಿಯೂ ಒಂದು ಫೋಟೋ ಇರಲಿಲ್ಲ, ಬಾರಿನೊಳಗೆ ಮಾವ ಫೋಟೋ ತೆಗೆಸಿಕೊಂಡದ್ದೇ ಇಲ್ಲ.

ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ನಿಮ್ಮ ಮನೆಯಲ್ಲೂ ಇಂಥ ‘ಹೋಟೆಲ್ ಉದ್ಯೋಗ’ದವರು ಒಬ್ಬರಿರಬಹುದು. ಅವರನ್ನು ಕೂರಿಸಿ ಕೇಳಿ. ಮುಂದಿನ ಸ್ಮರಣ ಸಂಚಿಕೆಗೆ ಅವರಿಂದಲೂ ಎರಡು ಪುಟ ಬರೆಸಿ. ಅದರಲ್ಲಿ ಹೊಡೆದಾಟ ಇರುತ್ತದೆ, ಹಫ್ತಾ ಇರುತ್ತದೆ, ಹೆಂಗಸರ ಕಣ್ಣೀರೂ ಇರುತ್ತದೆ. ಇರಲಿ.

ನಾನು ಭಾನುವಾರಗಳಂದು ಮಾವನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ಮೊದಲ ದಿನ, “ಇದೆಲ್ಲ ಯಾರಿಗೆ ಬೇಕು ಮಾರಾಯ್ತಿ?” ಎಂದು ಎದ್ದುಹೋದರು. ಎರಡನೆಯ ವಾರ ಅತ್ತೆಯೂ ಬಂದು ಪಕ್ಕದಲ್ಲಿ ಕೂತರು. ಈಗ ಅರ್ಧ ಪ್ರಶ್ನೆ ಅವರೇ ಕೇಳುತ್ತಿದ್ದಾರೆ.